ನಮ್ಮ ಬೀಗರು ಹಾಕಿಕೊಟ್ಟ ಲಿನಕ್ಸ್

ನಮ್ಮ ಬೀಗರ ಬಲಗೈಯಲ್ಲಿ, ಮೊಣಕೈಯಿಂದ ಕೆಳಗೆ, ಕೂದಲೆಂಬುದೇ ಇರಲಿಲ್ಲ. ಎಡಗೈಯಲ್ಲಿ ಕರಡಿಗೂ ಅಸೂಯೆಯಾಗುವಷ್ಟು ಬೆಳೆ. ಬಲಗೈ ಮಾತ್ರ ಹುಣಸೆಹಣ್ಣು ಹಚ್ಚಿ ತಿಕ್ಕಿದ ಹಿತ್ತಾಳೆ ತಂಬಿಗೆಯ ಹಾಗೆ ನುಣ್ಣಗೆ ಹೊಳೆಯುತ್ತಿತ್ತು. ಅವರು ದನದ ಡಾಕ್ಟರು. ನೌಕರಿಯ ಉದ್ದಕ್ಕೂ ಆ ಕೈಯನ್ನು ಸಾಬೂನು ಹಚ್ಚಿ ತೊಳೆದು, ಆಕಳು ಎಮ್ಮೆಗಳ ಒಳಗಿನ ಸಮಾಚಾರ ವಿಚಾರಿಸಿ, ಹೊರಗೆ ತೆಗೆದು ಮತ್ತೆ ತೊಳೆದು, ಕೊನೆಗೆ ಅದು ಹಾಗಾಯಿತು ಎಂಬುದು ಅವರದೇ ವಿವರಣೆ. ನಿವೃತ್ತರಾದ ಮೇಲೂ ಕೂದಲು ಮರಳಲಿಲ್ಲ. "ಅದಕ್ಕ ಪೆನ್ಶನ್ ಮಂಜೂರು ಆಗಿಲ್ರಿ, ಸಿಟ್ಟಿಗೆ ಈ ಕಡೆ ಸುಳಿಯಂಗಿಲ್ಲ" ಎನ್ನುತ್ತಿದ್ದರು.

ಆ ಕೈಯಿಂದಲೇ ಅವರು ನಮ್ಮ ಮನೆಯ ಕಂಪ್ಯೂಟರಿಗೆ ಲಿನಕ್ಸ್ ಹಾಕಿದರು.

ನನ್ನ ಮಗಳನ್ನು ಕಮಲಾಪುರದ ಅವರ ಮನೆಗೆ ಕೊಟ್ಟಿದ್ದೇವೆ. ಅಳಿಯ ಅಲ್ಲಿಯೇ ಹೈಸ್ಕೂಲ್ ಮಾಸ್ತರ. ನಾವು ಕಲಬುರಗಿಯ ಜೇವರ್ಗಿ ಕಾಲೋನಿಯವರು. ನಾನು ಕೋರ್ಟಿನಲ್ಲಿ ಶಿರಸ್ತೇದಾರನಾಗಿದ್ದವನು. ಬದುಕಿನ ದೊಡ್ಡ ಭಾಗವನ್ನು ಕಾಯಿದೆಗಳ ನಡುವೆ ಕಳೆದಿರುವುದರಿಂದ ಅಧಿಕಾರವಾಣಿಯಿಂದಲೇ ಹೇಳುತ್ತೇನೆ: ಯಾವ ಪುಸ್ತಕದಲ್ಲೂ ಅಚ್ಚಾಗದೆ, ಯಾವ ಮೇಲ್ಮನವಿಗೂ ಬಗ್ಗದೆ ಈ ಭಾಗದಲ್ಲಿ ಜಾರಿಯಲ್ಲಿರುವ ಕಾಯಿದೆ ಒಂದೇ, ಅದು ಬೀಗತನದ್ದು. ಅದರ ಪ್ರಕಾರ ಹೆಣ್ಣು ಕೊಟ್ಟವರು ಗಂಡಿನ ಕಡೆಯವರ ಮುಂದೆ "ಇಲ್ಲ" ಎನ್ನುವಂತಿಲ್ಲ, "ಬೇಡ" ಎನ್ನುವಂತಿಲ್ಲ, "ಬೇಕು" ಎಂದಂತೂ ಸತ್ತರೂ ಎನ್ನುವಂತಿಲ್ಲ. ಉಳಿದ ಕನ್ನಡವನ್ನೆಲ್ಲ ಧಾರಾಳವಾಗಿ ಬಳಸಬಹುದು. ಅವರು ಏನೇ ಕೇಳಲಿ, "ನೀವು ಹೆಂಗಂದ್ರ ಹಂಗ್ರಿ" ಎಂದುಬಿಟ್ಟರೆ ಮರ್ಯಾದೆಗೆ ಮರ್ಯಾದೆ, ಸಂಬಂಧಕ್ಕೆ ಸಂಬಂಧ.

ಬೀಗರು ಈ ಕಾಯಿದೆಯನ್ನು ದುರುಪಯೋಗ ಮಾಡಿಕೊಂಡವರಲ್ಲ. ಬರುವಾಗಲೆಲ್ಲ ಕಮಲಾಪುರದ ಕೆಂಪು ಬಾಳೆಹಣ್ಣು ತರುತ್ತಿದ್ದರು. ಬಸ್ಸಿನಲ್ಲಿ ಅದನ್ನು ಕೂಸಿನ ಹಾಗೆ ತೊಡೆಯ ಮೇಲೆ ಕೂರಿಸಿಕೊಂಡು ತಂದು, "ನಿಮ್ಮ ಶಹರದಾಗ ಮಾರ್ತಾರಲ್ರಿ ಹಳದಿ ಹಣ್ಣು, ಅದು ಹಣ್ಣಲ್ಲ, ಬಣ್ಣ ಹಾಕಿದ ಸುಣ್ಣ" ಎಂದು ತೀರ್ಪು ಕೊಟ್ಟ ಮೇಲೆಯೇ ಚಪ್ಪಲಿ ಬಿಡುತ್ತಿದ್ದರು. ನಮ್ಮ ಮೇಜಿನ ಮೇಲೆ ಆ ಹೊತ್ತಿಗೆ ಹಳದಿ ಹಣ್ಣು ಇದ್ದರೆ ನಾನು "ಖರೇ ಅದ್ರಿ" ಎನ್ನುತ್ತಿದ್ದೆ. ಕಾಯಿದೆ ಅದನ್ನೇ ಹೇಳುತ್ತದೆ.

ದನದ ಡಾಕ್ಟರು ಕಂಪ್ಯೂಟರಿನ ಕಡೆ ಹೊರಳಿದ್ದು ನಿವೃತ್ತಿಯ ನಂತರ. ಅಳಿಯ ಕಾಲೇಜಿನಲ್ಲಿದ್ದಾಗ ಕೊಂಡ ಕಂಪ್ಯೂಟರ್ ಒಂದು ಅವರ ಮನೆಯ ಅಟ್ಟದ ಮೇಲೆ ಧೂಳು ತಿನ್ನುತ್ತಿತ್ತು. ಅದನ್ನು ಕೆಳಗಿಳಿಸಿ, ಮೊಬೈಲಿನಲ್ಲಿ ವಿಡಿಯೋ ನೋಡುತ್ತ ನೋಡುತ್ತ, ಅದರೊಳಗಿನ ವಿಂಡೋಸ್ ತೆಗೆದು, ಅದರ ಬದಲು ಕಂಪ್ಯೂಟರ್ ನಡೆಸುವ ಲಿನಕ್ಸ್ ಎಂಬ ಇನ್ನೊಂದು ತಂತ್ರಾಂಶ ಹಾಕಲು ಹೋಗಿ ಮೊದಲು ಅದನ್ನು ಪೂರ್ತಿ ಕೆಡಿಸಿದರು. ಮನೆಯವರು ಆಡಿಕೊಂಡರು. ಅವರು ಅಳುಕಲಿಲ್ಲ. "ಮೊದಲನೇ ಎಮ್ಮಿ ಎಲ್ಲಾ ಡಾಕ್ಟರ ಕೈಯಾಗೂ ಸಾಯ್ತದ. ಎರಡನೇದು ನೋಡ್ರಿ" ಎಂದರು. ಎರಡನೆಯದು ಅದೇ ಕಂಪ್ಯೂಟರ್, ಮತ್ತು ಅದು ಬದುಕಿತು. ಆಮೇಲೆ ಕಮಲಾಪುರದ ಓಣಿಯಲ್ಲಿ ಯಾರ ಮನೆಯ ಮುದಿ ಕಂಪ್ಯೂಟರಿಗೂ ನೆಮ್ಮದಿಯ ಸಾವು ಸಿಗಲಿಲ್ಲ. ಬೀಗರು ಹೋಗಿ ಎಬ್ಬಿಸಿ ಕೂರಿಸುತ್ತಿದ್ದರು. ಲಿನಕ್ಸ್ ತುಂಬಿದ ಪೆನ್‌ಡ್ರೈವನ್ನು ಅವರು ಇಡುತ್ತಿದ್ದದ್ದು ಹಳೆಯ ಥರ್ಮಾಮೀಟರಿನ ಉದ್ದನೆಯ ತಗಡಿನ ಡಬ್ಬಿಯಲ್ಲಿ. ಆ ಥರ್ಮಾಮೀಟರ್ ಎಮ್ಮೆಯ ಯಾವ ಭಾಗಕ್ಕೆ ಹೋಗಿ ಬರುತ್ತಿತ್ತು ಎಂಬುದನ್ನು ತಿಳಿದ ನನ್ನ ಹೆಂಡತಿ ಆ ಡಬ್ಬಿಯನ್ನು ಊಟದ ಮೇಜಿನ ಮೇಲೆ ಇಡಲು ಯಾವತ್ತೂ ಬಿಡಲಿಲ್ಲ. ಬಾಯಿಂದ ಏನೂ ಹೇಳುತ್ತಿರಲಿಲ್ಲ, ಹೇಳುವಂತಿರಲಿಲ್ಲ. ಅದು ಬಂದು ಕೂತ ತಕ್ಷಣ ಆ ಜಾಗದಲ್ಲಿ ಪಲ್ಯದ ಪಾತ್ರೆ ತಂದಿಡುತ್ತಿದ್ದಳು.

ಪುಕ್ಕಟೆ ಸಿಗುತ್ತದೆಂದು ಈ ಲಿನಕ್ಸಿನ ಬೆನ್ನು ಬಿದ್ದಿದ್ದಾರೆ ಎಂದು ನಾನು ತಿಳಿದಿದ್ದೆ. ಒಮ್ಮೆ ಕೇಳಿಯೂ ಕೇಳಿದೆ. ಅವರ ಕಂಪ್ಯೂಟರ್ ಆಗಷ್ಟೇ ಶುರುವಾಗುತ್ತಿತ್ತು. ಕಪ್ಪು ಪರದೆಯ ಮೇಲೆ ಬಿಳಿ ಸಾಲುಗಳು ಸರಸರ ಏರುತ್ತಿದ್ದವು. ಇದು ಸಿಕ್ಕಿತು, ಅದು ಸಿಗಲಿಲ್ಲ, ಇದು ಸರಿ ಇದೆ, ಅದು ಕೆಟ್ಟಿದೆ ಎಂದು ಯಂತ್ರ ತಾನೇ ವರದಿ ಒಪ್ಪಿಸುತ್ತಿತ್ತು. ಬೀಗರು ಅದನ್ನು ದೇವರ ದೀಪ ನೋಡುವ ಹಾಗೆ ನೋಡುತ್ತ, "ಪುಕ್ಕಟೆ ಅಂತಲ್ರಿ ಬೀಗರ. ಇಡೀ ಸರ್ವಿಸಿನಾಗ ನನ್ನ ಮುಂದ ಬಂದ ರೋಗಿ ಒಂದೂ ಮಾತಾಡ್ಲಿಲ್ಲ. ಮಾತಾಡಾವ ಮಾಲಕ, ಅವ ಖರೇ ಹೇಳಂಗಿಲ್ಲ. ದನ ಏನ್ ತಿಂದದ ಅಂದ್ರ 'ಏನೂ ಇಲ್ರಿ ಸಾಹೇಬ್ರ' ಅಂತಿದ್ರು, ಹೊಟ್ಟಿ ಕೊಯ್ದ್ರ ಧೋತ್ರ ಬರ್ತಿತ್ತು. ರೋಗಿ ತಾನ ಬಾಯಿಬಿಟ್ಟು ನನಗ ಇಲ್ಲಿ ಬ್ಯಾನಿ ಅದ ಅಂತ ಹೇಳಿದ್ದು ನನ್ನ ಜನ್ಮದಾಗ ಇದ ಮೊದಲು" ಎಂದರು.

ಇನ್ನು ನಮ್ಮ ಮನೆಯ ಸದರಿ ಯಂತ್ರದ ವಿಷಯ. ಅದು ನಡುಮನೆಯ ಮೂಲೆಯಲ್ಲಿ, ನನ್ನ ಹೆಂಡತಿ ಹೆಣೆದ ಹೊದಿಕೆ ಹೊದ್ದು, ಪಟ್ಟಾಭಿಷಿಕ್ತವಾಗಿ ಕೂತಿತ್ತು. ಗುಂಡಿ ಒತ್ತಿ, ಸ್ನಾನ ಮುಗಿಸಿ, ಪೂಜೆ ಮಾಡಿ, ಪೇಪರ್ ಓದಿ ಬಂದರೆ ಅದಿನ್ನೂ "ಸ್ವಾಗತ" ಎನ್ನುತ್ತಿರುತ್ತಿತ್ತು. ಹೊಸ ವಿಂಡೋಸ್ ಹಾಕೋಣವೆಂದರೆ ಅದನ್ನು ಹೊರುವ ಶಕ್ತಿ ಅದಕ್ಕಿರಲಿಲ್ಲ. ರೋಜಾ ಬಡಾವಣೆಯ ಹತ್ತಿರದ ದುರಸ್ತಿ ಅಂಗಡಿಗೆ ಒಯ್ದಾಗ ಅಲ್ಲಿಯವನು ಮುಚ್ಚಳವನ್ನೂ ತೆಗೆಯದೆ, "ಸಾಬ್, ಇಸ್ಕಾ ಟೈಮ್ ಹೋಗಯಾ. ನಯಾ ಲೇಲೋ" ಎಂದು, ಹೊಸದು ಕೊಳ್ಳುವ ಸಲಹೆಯ ಸಮೇತ ಮರಣ ಪ್ರಮಾಣಪತ್ರ ಕೊಟ್ಟಿದ್ದ.

ಆದರೆ ಅದನ್ನು ಬಿಸಾಡುವ ಹಾಗಿರಲಿಲ್ಲ. ಅದರೊಳಗೆ ನನ್ನ ಅತ್ತೆ ಇದ್ದರು.

ನನ್ನ ಹೆಂಡತಿಯ ತಾಯಿ ಹಾಡಿನ ಮನುಷ್ಯಳು. ಬೀಸುವಾಗಿನ ಪದ, ಬಸುರಿಗೆ ಹಾಡುವ ಕುಬಸದ ಪದ, ತೊಟ್ಟಿಲ ಪದ, ಅತ್ತು ಕರೆಯುವವರಿಗೆ ಸಮಾಧಾನದ ಪದ, ಎಲ್ಲ ಬಾಯಲ್ಲೇ ಇದ್ದವು. ನನ್ನ ಮಗಳು ಕಾಲೇಜಿನಲ್ಲಿದ್ದಾಗ ರಜೆಗೆ ಅಜ್ಜಿಯ ಊರಿಗೆ ಹೋಗಿ, ಅವರನ್ನು ಅಂಗಳದಲ್ಲಿ ಕೂರಿಸಿ, ಪದಗಳನ್ನು ರೆಕಾರ್ಡ್ ಮಾಡಿಕೊಂಡು ಬಂದು ಈ ಕಂಪ್ಯೂಟರಿಗೆ ಹಾಕಿದ್ದಳು. ಆಮೇಲೆ ಅಜ್ಜಿ ತೀರಿಕೊಂಡರು. ಇನ್ನೊಂದು ಪ್ರತಿ ತೆಗೆದಿಡಬೇಕೆಂದು ಮಗಳು ಅನ್ನುತ್ತಲೇ ಇದ್ದಳು, ಅನ್ನುತ್ತಲೇ ಮದುವೆಯಾಗಿ ಹೋದಳು. ಈಗ ಅವಳು ಬಸುರಿ. ಚೊಚ್ಚಲ ಹೆರಿಗೆ ತವರಿನಲ್ಲಿ, ತೊಟ್ಟಿಲು ಹಾಕುವುದು ನಮ್ಮ ಮನೆಯಲ್ಲಿ. ಆ ದಿನ ತೊಟ್ಟಿಲ ಪದವನ್ನು ಮುತ್ತಜ್ಜಿಯ ಬಾಯಿಂದಲೇ ಹೇಳಿಸಬೇಕೆಂದು ನನ್ನ ಹೆಂಡತಿ ಗಟ್ಟಿ ಮಾಡಿಕೊಂಡಿದ್ದಳು. "ಬಂಗಾರ ಬ್ಯಾಡ, ಬೆಳ್ಳಿ ಬ್ಯಾಡ. ನಮ್ಮವ್ವ ಹಾಡಿದ್ರ ಸಾಕು" ಎಂದು ಹೂ ಮಾರುವವಳಿಗೂ ಹೇಳಿ ಮುಗಿಸಿದ್ದಳು.

ಕಂಪ್ಯೂಟರ್ ನಿಧಾನವಾಗಿದೆ ಎಂದು ನಾನು ಫೋನಿನಲ್ಲಿ, ಮಾತಿಗೆ ಬೇರೆ ವಿಷಯ ಇಲ್ಲದ್ದಕ್ಕೆ, ಬೀಗರಿಗೆ ಹೇಳಿದ್ದೇ ತಪ್ಪು. ಮರುದಿನ ಸೊಸೆಗೂ ಹೇಳದೆ ಮುಂಜಾನೆಯ ಬಸ್ ಹಿಡಿದು ಬಂದುಬಿಟ್ಟರು. ಒಂದು ಕೈಯಲ್ಲಿ ಬಾಳೆಹಣ್ಣು, ಜೇಬಿನಲ್ಲಿ ಥರ್ಮಾಮೀಟರ್ ಡಬ್ಬಿ.

"ಬೀಗತಿಯವರ, ಬಿಸಿನೀರು ಕೊಡ್ರಿ. ಸಾಬೂನು ಕೊಡ್ರಿ. ಒಂದು ಸ್ವಚ್ಛ ಟವಲ್."

ಗೋಡೆಯಾಚೆಯ ಮನೆಯವರು ಇಣುಕಿ, "ಮಗಳಿಗೆ ಈಗಲೇ ಬ್ಯಾನಿ ಶುರುವಾತೇನ್ರೀ?" ಎಂದು ಕೇಳಿದರಂತೆ.

ಬೀಗರು ತೋಳೇರಿಸಿ ಮೊಣಕೈ ತನಕ ತೊಳೆದುಕೊಂಡರು. ಹೊದಿಕೆ ತೆಗೆದು, ಯಂತ್ರದ ನೆತ್ತಿಯ ಮೇಲೆ ಅಂಗೈ ಇಟ್ಟು, ಕೈ ಎತ್ತದೆಯೇ ಮುಂದಿನಿಂದ ಹಿಂದಕ್ಕೆ ಸುತ್ತಿ ಬಂದರು. "ಕೈ ಬಿಡಬಾರದ್ರಿ. ನಾವು ಎಲ್ಲಿದ್ದೀವಿ ಅಂತ ಅದಕ್ಕ ಗೊತ್ತಾಗ್ಬೇಕು. ಇಲ್ಲಾಂದ್ರ ಒದೀತದ" ಎಂದರು. ಅದರ ಹಿಂಭಾಗದ ವೈರಿನಿಂದ ಒಮ್ಮೆ ಶಾಕ್ ಹೊಡೆಸಿಕೊಂಡಿದ್ದ ನಾನು ಮನಸಾರೆ ತಲೆದೂಗಿದೆ. ಆಮೇಲೆ ಅದರ ಪಕ್ಕೆಗೆ ಕಿವಿ ಹಚ್ಚಿ ಕಣ್ಣು ಮುಚ್ಚಿದರು. ನಾನು ಮಗ್ಗುಲಿಗೇ ಹೋಗಿ ಬಗ್ಗಿ ನಿಂತೆ.

"ಹೆದರ್ಲಾಕತ್ತೀರೇನ್ರಿ?"

"ಸ್ವಲ್ಪ."

"ಹೆದರ್ರಿ. ಆದ್ರ ದೂರ ನಿಂತು ಹೆದರ್ರಿ, ಗಾಳಿ ಬರವಲ್ದು." ದನದ ಮಾಲಕರಿಗೂ ಇದನ್ನೇ ಹೇಳುತ್ತಿದ್ದರಂತೆ. ಹೆದರಬೇಡಿ ಎಂದು ಅವರು ಯಾರಿಗೂ ಸುಳ್ಳು ಸಮಾಧಾನ ಹೇಳಿದವರಲ್ಲ.

ಪೆನ್‌ಡ್ರೈವ್ ಚುಚ್ಚಿದರು. ಯಂತ್ರ ಎದ್ದಿತು. ಅವರು ನನ್ನ ಕಡೆ ತಿರುಗಿ, "ಬೀಗರ, ಇದರಾಗ ಇಟ್ಕೊಳ್ಳೂದು ಏನರ ಅದ ಏನ್ರಿ?" ಎಂದು ಕೇಳಿದರು.

ಅತ್ತೆಯವರ ಹಾಡು ನನಗೆ ಮರೆತಿರಲಿಲ್ಲ. ಆದರೆ ಲಿನಕ್ಸ್ ಹಾಕುವುದೆಂದರೆ ಮನೆಗೆ ಸುಣ್ಣ ಹೊಡೆಸುವ ಹಾಗೆ ಎಂದು ನಾನು ಊಹಿಸಿದ್ದೆ. ಸುಣ್ಣ ಹೊಡೆಸಿದರೆ ಟ್ರಂಕಿನೊಳಗಿನ ಸೀರೆ ಎಲ್ಲಿಗೆ ಹೋಗುತ್ತದೆ? ಅದಕ್ಕಿಂತ ಹೆಚ್ಚಾಗಿ, ಗಂಡಿನ ತಂದೆ ಪ್ರಶ್ನೆ ಕೇಳಿದ ಕೂಡಲೇ ನನ್ನ ನಾಲಿಗೆ ನನ್ನನ್ನು ಕೇಳದೆಯೇ ಎದ್ದು ಕೈಮುಗಿಯಿತು:

"ನಿಮ್ಮ ಮುಂದ ನಮ್ದೇನದ ಬಿಡ್ರಿ. ನೀವು ಹೆಂಗಂದ್ರ ಹಂಗ."

ಪರದೆಯ ಮೇಲೆ ಇಂಗ್ಲಿಷಿನಲ್ಲಿ ಒಂದು ಎಚ್ಚರಿಕೆ ಮೂಡಿತು. ಬೀಗರು ಅದನ್ನು ಕನ್ನಡದಲ್ಲಿ ಓದಿ ಹೇಳಿದರು. "ಡಿಸ್ಕಿನಾಗಿಂದು ಎಲ್ಲಾ ಅಳಸ್ತೀನಿ ಅಂತದ. ಒಪ್ಪಿಗಿ ಕೇಳ್ಲಾಕತ್ತದ. ಏನ್ ಹೇಳ್ಲಿ?"

"ನಮ್ದೇನು ತಕರಾರಿಲ್ರಿ" ಎಂದೆ. ಕೋರ್ಟಿನಲ್ಲಿ ಎಷ್ಟೋ ಜನರ ಬಾಯಿಂದ ಈ ಮಾತನ್ನು ಹೇಳಿಸಿ ಬರೆದುಕೊಂಡಿದ್ದೆ. ಹೇಳಿದವರ ಕಣ್ಣಲ್ಲಿ ತಕರಾರು ಎದ್ದು ಕಾಣುತ್ತಿತ್ತು.

ಬೀಗರ ಬೆರಳು ಕೀಲಿಯ ಮೇಲೆ ಕ್ಷಣ ಹೊತ್ತು ನಿಂತಿತ್ತು ಎಂಬುದನ್ನು ನಾನು ಕಂಡಿದ್ದೇನೆ. ಆಮೇಲೆ ಒತ್ತಿತು. ಅಡಿಗೆಮನೆಯಲ್ಲಿ ನನ್ನ ಹೆಂಡತಿ ಬೀಗರಿಗಾಗಿ ಶೇಂಗಾ ಹೋಳಿಗೆ ಬೇಯಿಸುತ್ತಿದ್ದಳು. ತುಪ್ಪದ ವಾಸನೆ ನಡುಮನೆಯ ತನಕ ಬರುತ್ತಿತ್ತು.

ಕೆಲಸ ಅದ್ಭುತವಾಗಿ ಮುಗಿಯಿತು. ಗುಂಡಿ ಒತ್ತಿದರೆ ನಾನು ಕನ್ನಡಕ ಹುಡುಕುವಷ್ಟರಲ್ಲಿ ಯಂತ್ರ ಸಿದ್ಧ. ಬೀಗರು ಮತ್ತೆ ಮೊಣಕೈ ತನಕ ಕೈ ತೊಳೆದು, "ಕರ ನಿಂತದ ನೋಡ್ರಿ" ಎನ್ನುವ ಮುಖ ಮಾಡಿ ಕುರ್ಚಿಯಲ್ಲಿ ಒರಗಿದರು. ನನ್ನ ಹೆಂಡತಿ ಹೋಳಿಗೆಯ ತಾಟು ತಂದಿಟ್ಟು, ಬೀಗರ ಎದುರಿಗೆ ನೇರ ಮಾತಾಡುವ ರೂಢಿಯಿಲ್ಲದ್ದರಿಂದ ನನಗೆ ಹೇಳಿದಳು: "ಇಷ್ಟು ಜಲ್ದಿ ನಡೀತದ ಅಂದ್ರ, ನಮ್ಮವ್ವನ ಪದ ಹಚ್ರಿ. ಅವರೂ ಕೇಳ್ಲಿ."

ನಾನು ಹಚ್ಚಲು ಹೋದೆ. ಹಚ್ಚಲು ಏನೂ ಇರಲಿಲ್ಲ. ಸುಣ್ಣ ಹೊಡೆದ ಮನೆ ಬೆಳ್ಳಗೆ ಇತ್ತು, ಟ್ರಂಕು ಇರಲಿಲ್ಲ.

"ಯಾವ ಪದ?" ಎಂದರು ಬೀಗರು. ನಾನು ಹೇಳಿದೆ. ಅವರ ಕೈಯಲ್ಲಿದ್ದ ಹೋಳಿಗೆಯ ತುಂಡು ತಾಟಿಗೆ ಮರಳಿತು. "ನಾ ಕೇಳಿದ್ನಲ್ರಿ?"

"ಕೇಳಿದ್ರಿ" ಎಂದವಳು ನನ್ನ ಹೆಂಡತಿ. "ಒಳಗಿಂದ ನನಗ ಕೇಳಿಸ್ತು. ಇವರು ಹೇಳ್ಲಿಲ್ಲ." ಆಮೇಲೆ ಕಂಪ್ಯೂಟರಿನ ಹೊದಿಕೆಯನ್ನು ಮಡಚಿದಳು, ಬಿಚ್ಚಿದಳು, ಮತ್ತೆ ಮಡಚಿದಳು.

ಬೀಗರು ಎದ್ದು ಹೋಗಿ ಗೋಡೆಯಿಂದ ವೈರ್ ಕಿತ್ತರು. "ಯಾರೂ ಮುಟ್ಟಬ್ಯಾಡ್ರಿ. ಇದರ ಮ್ಯಾಲ ಇನ್ನೊಂದು ಅಕ್ಷರ ಬರದ್ರ ಅಷ್ಟು ಹೋಯ್ತು ಅಂತ ತಿಳೀರಿ. ಅಳಿಸಿದ್ದು ಅಂದ್ರ ಪೂರಾ ಸತ್ತಂಗಲ್ಲ, ಮಣ್ಣಿನ ಕೆಳಗ ಇರ್ತದ. ಎಷ್ಟು ಉಳದಿರ್ತದೋ ಹೇಳಂಗಿಲ್ಲ." ನನ್ನ ಮೇಲೆ ಸಿಟ್ಟಾಗುತ್ತಾರೆಂದು ಕಾದೆ. ಅವರು ತಮ್ಮ ಬಲಗೈ ನೋಡಿಕೊಳ್ಳುತ್ತ, "ಮಾಲಕನ ಮಾತು ನಂಬಬಾರದು ಅಂತ ಗೊತ್ತಿದ್ದೂ ನಂಬಿದ್ನಲ್ಲ. ಬೀಗ ಅಂತ ನಂಬಿದ್ನಿ" ಎಂದಷ್ಟೇ ಹೇಳಿದರು.

ತಿರುಪುಳಿಯಿಂದ ಡಿಸ್ಕ್ ಬಿಚ್ಚಿ, ಕೈ ಒರೆಸಿಕೊಂಡ ಟವಲಿನಲ್ಲೇ ಸುತ್ತಿಕೊಂಡು ಹೊರಟರು. ಬೀಗರು ಉಣ್ಣದೆ ಹೊಸ್ತಿಲು ದಾಟುವುದೆಂದರೆ ಅಪರಾಧಗಳಲ್ಲೇ ಘೋರ. ನನ್ನ ಹೆಂಡತಿ ಬಾಗಿಲಿಗೆ ಬಂದು, "ಊಟ ಮಾಡಿ ಹೋಗ್ರಿ" ಎಂದಳು.

ಅವರು ನಿಂತರು. "ಇದು ನೀವು ಕರೀಲಾಕತ್ತೀರೋ, ರೀತಿ-ರಿವಾಜು ಕರೀಲಾಕತ್ತದೋ?"

ನಾನು ಬಾಯಿ ತೆರೆಯುವ ಮೊದಲೇ ಅವಳೆಂದಳು: "ರಿವಾಜು."

"ಹಂಗಾದ್ರ ಹೋಗಿ ಬರ್ತೀನಿ" ಎಂದು ಅವಳಿಗೆ ಕೈಮುಗಿದು ಹೋದರು. ಎರಡು ಮನೆಗಳ ನಡುವೆ ಆಡಿದ ಮೊದಲನೆಯ ನಿಜವಾದ ಮಾತು ಅದು. ಮದುವೆಯ ಮಾತುಕತೆಯಲ್ಲಿ ಅಷ್ಟೊಂದು ಹೊತ್ತು ಕೂತು ಅಷ್ಟೆಲ್ಲ ಮಾತಾಡಿದ್ದೆವು, ಅಂಥದ್ದೊಂದೂ ಹೊರಬಿದ್ದಿರಲಿಲ್ಲ.

ಆಮೇಲಿನ ವಾರಗಳಲ್ಲಿ ನನ್ನ ಹೆಂಡತಿ ನನ್ನೊಡನೆ ಕಚೇರಿಯ ಭಾಷೆಯಲ್ಲಿ ಮಾತಾಡಿದಳು. ಚಹಾ ಇದೆ. ಸ್ನಾನಕ್ಕೆ ನೀರಿದೆ. ಮಗಳು ಏಳನೇ ತಿಂಗಳಿಗೆ ತವರಿಗೆ ಬಂದಳು. ಅವಳಿಗೂ ಸುದ್ದಿ ಗೊತ್ತಿತ್ತು, ಅವಳೂ ಅದೇ ಭಾಷೆ ಹಿಡಿದಳು. ಕಮಲಾಪುರದಿಂದ ಬರುತ್ತಿದ್ದ ಸಮಾಚಾರವೆಂದರೆ, ಬೀಗರು ಆ ಡಿಸ್ಕನ್ನು ತಮ್ಮ ಕಂಪ್ಯೂಟರಿಗೆ ಜೋಡಿಸಿ, ಅದೇ ಲಿನಕ್ಸಿನಿಂದ ಅಳಿದದ್ದನ್ನು ಅಗೆದು ತೆಗೆಯುತ್ತಿದ್ದಾರೆ, ಊಟಕ್ಕೆ ಕರೆದರೆ "ಕೈ ಒಳಗದ" ಎನ್ನುತ್ತಾರೆ ಎಂಬುದು. ಒಂದು ದಿನ ಫೋನ್ ಬಂತು. "ಬೀಗರ, ತುಣುಕು ಸಿಕ್ಕಾವ. ಯಾವುದಕ್ಕೂ ಹೆಸರಿಲ್ಲ. ನಿಮ್ಮ ಅತ್ತಿಯವರ ಧ್ವನಿ ನಾ ಕೇಳಿಲ್ಲ. ಬೀಗತಿಯವರನ್ನ ಕರ್ಕೊಂಡು ಬರ್ರಿ. ಬರ್ತೀರೋ ಇಲ್ಲೋ, ಸೀದಾ ಹೇಳ್ರಿ."

"ಬರ್ತೀವ್ರಿ" ಎಂದೆ. ಇದು ಸೀದಾ ಮಾತು ಎಂದು ನನಗೆ ಆಮೇಲೆ ಹೊಳೆಯಿತು.

ಬೀಗರ ಕಂಪ್ಯೂಟರಿಗೆ ಸ್ಪೀಕರ್ ಇರಲಿಲ್ಲ. ಕಿವಿಗೆ ಹಚ್ಚಿಕೊಳ್ಳುವ ಇಯರ್‌ಫೋನ್ ಒಂದೇ ಇತ್ತು. ಅದರ ಒಂದು ತುದಿ ಬೀಗರ ಕಿವಿಗೆ, ಇನ್ನೊಂದು ನನ್ನ ಹೆಂಡತಿಯ ಕಿವಿಗೆ. ವೈರ್ ಗಿಡ್ಡ. ಬೀಗರೆದುರು ಕುರ್ಚಿಯಲ್ಲಿ ಕೂರಲು ಅನುಮಾನಿಸುತ್ತಿದ್ದವಳು ಅವರ ಮಗ್ಗುಲಲ್ಲೇ, ತಲೆಗೆ ತಲೆ ತಾಗುವಷ್ಟು ಹತ್ತಿರ ಕೂತಳು. ಬಾಗಿಲಲ್ಲಿ ನಿಂತ ಬೀಗರ ಹೆಂಡತಿ ನನ್ನ ಕಡೆ ನೋಡಿ, "ಮದುವಿ ಆದಾಗಿಂದ ನನ್ನ ಸಂಗಟ ಒಮ್ಮೆ ಹಿಂಗ ಕೂತಿಲ್ರೀ ಈ ಮನುಷ್ಯಾ" ಎಂದರು.

ಬೀಗರು ಒಂದೊಂದೇ ತುಣುಕು ಒತ್ತಿದರು.

"ಇದು ನಿಮ್ಮ ತಾಯಿ ಏನ್ರಿ?"

"ಅಲ್ರೀ ಬೀಗರ. ಅದು ಕುಕ್ಕರ್."

"ಇದು?"

"ಇದು ಇವರು. ನಿವೃತ್ತಿ ಭಾಷಣ ತಾಲೀಮು ಮಾಡ್ಲಾಕತ್ತಾರ. ಮುಂದ ಹೋಗ್ರಿ, ಭಾಳ ಉದ್ದ ಅದ."

ಮುಂದಿನದನ್ನು ಒತ್ತಿ ಬೀಗರು ಗಂಭೀರರಾದರು. ಕಣ್ಣು ಮುಚ್ಚಿ ಕೇಳಿದರು. "ಇದು ಯಾವ ಪ್ರಾಣಿ? ಶ್ವಾಸದಾಗ ಅಡ್ಡಿ ಅದ."

"ಅದೂ ಇವರೇ, ಅಣ್ಣಾರ" ಎಂದಳು ನನ್ನ ಹೆಂಡತಿ. "ಮಲಗಿದಾಗ. ಗೊರಕಿ ಹೊಡಿಯಂಗಿಲ್ಲ ಅಂತ ವಾದ ಮಾಡ್ತಿದ್ರು, ಮಗಳು ಸಾಕ್ಷಿಗೆ ಅಂತ ಹಿಡಿದಿಟ್ಟಿದ್ಳು."

"ಡಾಕ್ಟರಿಗೆ ತೋರಸ್ರಿ" ಎಂದು ಬೀಗರು ನನಗೆ ಹೇಳಿದರು. "ನನಗಲ್ಲ, ಮನಷ್ಯಾರ ಡಾಕ್ಟರಿಗೆ." ಅವಳು ನಕ್ಕಳು. ಬೀಗರ ಮುಂದೆ, ಬಾಯಿಗೆ ಸೆರಗು ಒಡ್ಡದೆ. ವಾರಗಳ ನಂತರ ನಾನು ಕೇಳಿದ ಮೊದಲ ನಗು. ನನ್ನ ಗೊರಕೆಯ ಖರ್ಚಿನಲ್ಲಿ ಬಂದಿದ್ದರೂ ನಾನದಕ್ಕೆ ಋಣಿ. "ಬೀಗರ" ಹೋಗಿ "ಅಣ್ಣಾರ" ಆಗಿದ್ದನ್ನು ಮಾತ್ರ ಅವಳೂ ಗಮನಿಸಿರಲಿಲ್ಲ.

ಹಾಗೆ ಬಹಳ ಹೊತ್ತು ನಡೆಯಿತು. ಕರಕರ ಸದ್ದು, ಅರ್ಧ ಸಿನಿಮಾ ಹಾಡು, ಆಟೋದ ಹಾರ್ನು. ಆಮೇಲೆ ಒಂದು ತುಣುಕು ಶುರುವಾಗುತ್ತಲೇ ಬೀಗರು ಕೈ ಎತ್ತಿದರು. "ತಡೀರಿ. ಹಿಂದ ಎಮ್ಮಿ ಒದರ್ಲಾಕತ್ತದ. ಕರ ಹಾಕಿದ ಎಮ್ಮಿ ಇದು. ಕರನ ಬ್ಯಾರೆ ಕಟ್ಟ್ಯಾರ."

ನನ್ನ ಹೆಂಡತಿ ಇಯರ್‌ಫೋನನ್ನು ಅಂಗೈಯಿಂದ ಕಿವಿಗೆ ಒತ್ತಿಕೊಂಡಳು. "ನಮ್ಮ ತವರಮನಿ ಎಮ್ಮಿ" ಎಂದಳು.

ನನಗೂ ಬೀಗರ ಹೆಂಡತಿಗೂ ಏನೂ ಕೇಳಿಸುತ್ತಿರಲಿಲ್ಲ. ಅವರಿಬ್ಬರ ಮುಖ ಕಾಣುತ್ತಿತ್ತು, ಅಷ್ಟೇ. ಅವಳ ತುಟಿ ಪದದ ಜೊತೆ ಅಲುಗುತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ ಬೀಗರು ಕಣ್ಣು ತೆರೆದರು. ಅವಳ ತುಟಿ ಇನ್ನೂ ಅಲುಗುತ್ತಲೇ ಇತ್ತು.

"ಇಲ್ಲಿಗೇ ನಿಂತದ" ಎಂದರು ಬೀಗರು. "ಮುಂದಿನದು ಸಿಗಂಗಿಲ್ಲ. ಆ ಜಾಗಾದ ಮ್ಯಾಲ ನಾನ ಲಿನಕ್ಸ್ ಹಾಕೀನಿ. ಬ್ಯಾರೆ ಪದದ ಎರಡು ಮೂರು ಚೂರು ಅವ. ಪೂರಾ ಯಾವುದೂ ಇಲ್ಲ." ನಂತರ ಕೇಳಿದರು, "ಇಷ್ಟು ಸಾಕಾಗ್ತದ ಏನ್ರಿ?"

"ಸಾಕ್ರಿ, ನಿಮ್ಮಿಂದ..." ಎಂದು ನನ್ನ ನಾಲಿಗೆ ಹಳೆಯ ಚಾಳಿಯಂತೆ ಎದ್ದಿತು.

"ಸಾಲಂಗಿಲ್ಲ" ಎಂದಳು ನನ್ನ ಹೆಂಡತಿ. "ಆದ್ರ ಇಷ್ಟು ಸಿಗ್ತದ ಅಂತ ನಾ ತಿಳ್ಕೊಂಡಿರ್ಲಿಲ್ಲ." ಇಯರ್‌ಫೋನ್ ತೆಗೆದು ಮೇಜಿನ ಮೇಲಿಟ್ಟು, ಬಾಗಿಲ ಕಡೆ ತಿರುಗಿ, "ಅಕ್ಕಾ, ಹಸಿವಿ ಆಗ್ಯಾದ. ಏನ್ ಮಾಡೀರಿ?" ಎಂದಳು.

ಬೀಗರು ಬಲಗೈಯಿಂದ ಮುಖ ಒರೆಸಿಕೊಂಡರು. "ಇದು ರಿವಾಜು ಅಲ್ಲಲ್ಲ, ತಂಗಿ?"

"ಅಲ್ರೀ. ಖರೇ ಹಸಿವಿ."

ಮೊಮ್ಮಗಳು ಹುಟ್ಟಿದಳು. ಜೇವರ್ಗಿ ಕಾಲೋನಿಯ ನಮ್ಮ ನಡುಮನೆಯಲ್ಲಿ ತೊಟ್ಟಿಲು ಹಾಕಿದೆವು. ನಮ್ಮ ಕಂಪ್ಯೂಟರಿಗೆ ಬೀಗರು ಬೇರೊಂದು ಡಿಸ್ಕ್ ಹಾಕಿ ಲಿನಕ್ಸ್ ಸಮೇತ ಎಬ್ಬಿಸಿ ಕೂರಿಸಿದ್ದರು. ಪದದ ಪ್ರತಿಗಳು ಈಗ ಎರಡೂ ಮನೆಯಲ್ಲಿದ್ದವು, ಅಳಿಯನ ಮೊಬೈಲಿನಲ್ಲೂ ಇದ್ದವು. ಹೆಂಗಸರು ತೊಟ್ಟಿಲು ತೂಗಿದರು, ಮುತ್ತಜ್ಜಿ ಎಮ್ಮೆಯ ಸಮೇತ ಹಾಡಿದರು. ಅಳಬೇಡ ಎಂದು ಕೂಸಿಗೆ ಹೇಳುವ ತನಕ ಬಂದು, ಯಾಕೆ ಅಳಬಾರದು ಎಂದು ಹೇಳುವ ಮೊದಲೇ ಪದ ನಿಂತಿತು. ಬಂದವರು ಕರೆಂಟ್ ಹೋಯಿತೆಂದು ಮೇಲೆ ನೋಡಿದರು. ಮುಂದಿನ ಸಾಲನ್ನು ನನ್ನ ಹೆಂಡತಿ ಎತ್ತಿಕೊಂಡಳು. ಅವಳ ದನಿ ಅಷ್ಟೇನೂ ಚೆನ್ನಾಗಿಲ್ಲ. ಇದನ್ನು ಅವಳೇ ಹೇಳುತ್ತಾಳೆ. ಕೊನೆಯ ನುಡಿಗಳು ಕೆಲವು ಅವಳಿಗೆ ನೆನಪಿರಲಿಲ್ಲ, ಅವನ್ನು ತಾನೇ ಕಟ್ಟಿ ಹಾಡಿದಳು. ಹಿಂದಿನ ಸಾಲಿನಲ್ಲಿ ಕೂತಿದ್ದ ಬೀಗರು ನನ್ನ ಕಿವಿಯಲ್ಲಿ, "ಹೊಲಿಗಿ ಎಲ್ಲಿ ಹಾಕ್ಯಾರ ಗೊತ್ತಾಗವಲ್ದು" ಎಂದರು. ಅದು ಅವರ ವೃತ್ತಿಯಲ್ಲಿ ಅತಿ ದೊಡ್ಡ ಪ್ರಶಂಸೆ.

ಅಲ್ಲಿಂದ ಮುಂದೆ ಎರಡು ಮನೆಗಳ ನಡುವೆ ಹೊಸ ಕಾಯಿದೆ ಜಾರಿಗೆ ಬಂತು. ಅವರ ಬಾಳೆಹಣ್ಣು ಅತಿಯಾಗಿ ಕಳಿತಿದ್ದರೆ ನನ್ನ ಹೆಂಡತಿ ಹಾಗೆಂದು ಹೇಳುತ್ತಿದ್ದಳು. ಥರ್ಮಾಮೀಟರ್ ಡಬ್ಬಿಯನ್ನು ಊಟದ ಮೇಜಿನಿಂದ ಎತ್ತಿ ಎಂದು ಬಾಯಿಬಿಟ್ಟು ಹೇಳಿದ ದಿನ ಬೀಗರು ಬೆಚ್ಚಿ, "ಇಷ್ಟು ದಿನ ನೀವು ಪಲ್ಯ ಭಾಳ ಬಡಸ್ತೀರಿ ಅಂತ ತಿಳಿದಿದ್ನಿ ತಂಗಿ" ಎಂದರು. ಕಾಲೋನಿಯಲ್ಲಿ ನಾಲ್ಕಾರು ಮನೆಯವರು ತಮ್ಮ ಕಂಪ್ಯೂಟರಿಗೂ ಲಿನಕ್ಸ್ ಹಾಕಿಸಿಕೊಂಡರು. ಅಲ್ಲಿ ಬೀಗರು ಯಜಮಾನನನ್ನು ಕೇಳಿ ಕೆಲಸ ಶುರು ಮಾಡುತ್ತಿರಲಿಲ್ಲ. "ಇವರ ಮಾತು ಬಿಡ್ರಿ, ಮನ್ಯಾಗ ಇದ್ದವರನ್ನೆಲ್ಲ ಕರೀರಿ" ಎಂದು ಮುದುಕಿ, ಸೊಸೆ, ಪರೀಕ್ಷೆಗೆ ಓದುತ್ತಿದ್ದ ಹುಡುಗಿ, ಎಲ್ಲರನ್ನೂ ನಿಲ್ಲಿಸಿ, "ಇದರಾಗ ನಿಮ್ದೇನದ?" ಎಂದು ಒಬ್ಬೊಬ್ಬರನ್ನೇ ಕೇಳುತ್ತಿದ್ದರು. ಒಂದು ಮನೆಯಲ್ಲಿ, ತನ್ನದೇನೂ ಇಲ್ಲ ಎಂದ ಸೊಸೆಯ ಮುಖ ನೋಡಿ ಪೆನ್‌ಡ್ರೈವನ್ನು ಡಬ್ಬಿಗೆ ಹಾಕಿಕೊಂಡು ಎದ್ದರು. "ಈ ಪ್ರಶ್ನಿ ಎಷ್ಟು ಹೊತ್ತಾದ್ರೂ ಕಾಯ್ತದವ್ವ. ನೆನಪಾದಾಗ ಹೇಳ್ಕಳಸು" ಎಂದರು. ಆಕೆ ಸಂಜೆಯೇ ಹೇಳಿಕಳಿಸಿದಳು. ಆಕೆಯದು ಏನಿತ್ತೋ ನನಗೆ ತಿಳಿಯದು. ಬೀಗರಿಗೆ ತಿಳಿದಿತ್ತು, ಅವರು ಹೇಳಲಿಲ್ಲ. ರೋಗಿಯ ಗುಟ್ಟು ಎಂದರು.

ಕಳೆದ ಬೇಸಿಗೆಯಲ್ಲಿ ಅವರ ಎದೆಯೊಳಗೆ ತೊಂದರೆ ಕಾಣಿಸಿತು. ಕಲಬುರಗಿಯ ಆಸ್ಪತ್ರೆಗೆ ತಂದರು. ಡಾಕ್ಟರು ಯುವಕ. "ಹೇಗಿದ್ದೀರಿ ಸರ್?" ಎಂದು ಉತ್ತರಕ್ಕೆ ಕಾಯದೆ ಕಾಗದ ನೋಡತೊಡಗಿದ. ಬೀಗರು ಅವನ ಕೈ ಹಿಡಿದರು. "ತಮ್ಮಾ, ನಿನ್ನ ರೋಗಿಗೆ ಮಾತು ಬರ್ತದ. ಎಂಥಾ ಪುಣ್ಯ ಮಾಡಿ ಬಂದೀದಿ ನಿನಗ ಗೊತ್ತಿಲ್ಲ. ಕೂಡು, ಕೇಳು" ಎಂದು, ನೋವು ಎಲ್ಲಿ ಶುರುವಾಗುತ್ತದೆ, ಎತ್ತ ಹರಿಯುತ್ತದೆ, ಯಾವಾಗ ನಿಲ್ಲುತ್ತದೆ ಎಂದು ಕಪ್ಪು ಪರದೆಯ ಬಿಳಿ ಸಾಲುಗಳ ಹಾಗೆ ಒಂದೊಂದಾಗಿ ಹೇಳಿದರು. ಅವನು ಕೂತು ಕೇಳಿದ. ಗುಣವಾಗುವುದು ಕಷ್ಟ ಎಂದು ಅವನೂ ಸೀದಾ ಹೇಳಿದ. "ಛಲೋ ಡಾಕ್ಟರ್" ಎಂದು ಬೀಗರು ನನಗೆ ಶಿಫಾರಸು ಮಾಡಿದರು. "ಗೊರಕಿ ಇವನಿಗೇ ತೋರಸ್ರಿ."

ಕಮಲಾಪುರದ ತಮ್ಮ ಮನೆಯಲ್ಲಿ, ಮೊಮ್ಮಗಳು ಪಕ್ಕದಲ್ಲಿ ಆಡುತ್ತಿದ್ದಾಗ ಹೋದರು.

ದಿನಕರ್ಮ ಮುಗಿದ ಮೇಲೆ ಮನೆಯವರೆಲ್ಲ ಪಡಸಾಲೆಯಲ್ಲಿ ಕೂತಿದ್ದೆವು. ಅವರ ಬಟ್ಟೆ ಯಾರಿಗೆ, ಛತ್ರಿ ಯಾರಿಗೆ ಎಂದು ಮಾತು ನಡೆದಿತ್ತು. ಅಳಿಯ ಆ ಕಂಪ್ಯೂಟರಿನ ಕಡೆ ನೋಡುತ್ತ ನನ್ನನ್ನು ಕೇಳಿದ: "ಮಾಮಾ, ಅಪ್ಪಂದು ಇದನ್ನೇನು ಮಾಡೂಣು?"

ಗಂಡಿನ ಮನೆಯ ಪಡಸಾಲೆ. ಸುತ್ತಲೂ ಅವರ ಅಣ್ಣತಮ್ಮಂದಿರು. ಹೆಣ್ಣು ಕೊಟ್ಟವನು ಅಲ್ಲಿ ಏನು ಹೇಳಬೇಕೆಂಬುದು ತಲೆತಲಾಂತರದಿಂದ ಬರೆದಿಟ್ಟಿದೆ. "ನೀವು ಹೆಂಗಂದ್ರ" ಎಂಬ ತನಕ ನನ್ನ ಗಂಟಲಿಗೆ ಬಂದೂ ಬಂದಿತ್ತು. ನನ್ನ ಹೆಂಡತಿ ನನ್ನನ್ನೇ ನೋಡುತ್ತಿದ್ದಳು.

"ನನಗ ಬೇಕು" ಎಂದೆ.

ಅಣ್ಣತಮ್ಮಂದಿರೆಲ್ಲ ನನ್ನ ಕಡೆ ತಿರುಗಿದರು. ಬೀಗರ ಹೆಂಡತಿ ಎದ್ದು ಒಳಗೆ ಹೋದರು. ಬಂದಾಗ ಅವರ ಕೈಯಲ್ಲಿ ಥರ್ಮಾಮೀಟರ್ ಡಬ್ಬಿ ಇತ್ತು. "ಇದನ್ನೂ ಒಯ್ರಿ" ಎಂದರು. "ಗುರ್ತು ಇಲ್ಲದವರು ಮುಟ್ಟಿದ್ರ ಅದು ಒದೀತದ."

ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಕಂಪ್ಯೂಟರನ್ನು ತೊಡೆಯ ಮೇಲೆ ಕೂರಿಸಿಕೊಂಡೆ. ಟಿಕೆಟ್ ಕೊಡುವವನು ಇದೇನು ಎಂದು ಕೇಳಿದಾಗ ಬೀಗರದ್ದು ಎಂದೆ. ಕಲಬುರಗಿ ಬರುವ ತನಕ ಅದರ ನೆತ್ತಿಯ ಮೇಲಿಂದ ನಾನು ಕೈ ಎತ್ತಲಿಲ್ಲ.